ಪಿತ್ತಕೋಶದ ಕಲ್ಲು, ಆಪರೇಷನ್, ಮತ್ತು ಅದಕ್ಕೂ ಮುಂಚೆ ನಾನು ನೋಡಿದ ವಿಡಿಯೊಗಳು

ಹೊಲಿಗೆ ಬಿಚ್ಚಿಸಿ ಆಯಿತು, ಬಯಾಪ್ಸಿ ರಿಪೋರ್ಟೂ ಕೈಗೆ ಬಂತು. ಕಾಗದಗಳನ್ನೆಲ್ಲ ಫೈಲಿಗೆ ಹಾಕಿ ಬೀರುವಿಗೆ ಸೇರಿಸುವ ಮುಂಚೆ, ನೆನಪು ಹಸಿಯಾಗಿರುವಾಗಲೇ ಬರೆದುಬಿಡೋಣ ಅಂತ ಕೂತಿದ್ದೇನೆ. ನನ್ನ ಪಿತ್ತಕೋಶದಲ್ಲಿ ಕಲ್ಲಾಗಿತ್ತು, ಗಾಲ್‌ಬ್ಲಾಡರ್ ಅಂತಾರಲ್ಲ ಅದು. ಈಗ ಅದನ್ನು ತೆಗೆಸಿದ್ದೇನೆ. ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ, ಒಂದು ಸಹಕಾರಿ ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಈ ಕಾಯಿಲೆ ಬಗ್ಗೆ ನನಗೆ ಗೊತ್ತಾದದ್ದರಲ್ಲಿ ಮುಕ್ಕಾಲು ಭಾಗ ಫೋನಿನಲ್ಲಿ ವಿಡಿಯೊ ನೋಡಿ ಗೊತ್ತಾದದ್ದು. ಕೆಲವು ವಿಡಿಯೊಗಳಿಂದ ನಿಜವಾಗಿ ಉಪಕಾರವಾಯಿತು. ಕೆಲವು ಸುಮ್ನೆ ಹೆದರಿಸಿದವು, ಇನ್ನು ಕೆಲವು ಹಸಿ ಸುಳ್ಳು. ಯಾವುದನ್ನು ಯಾವಾಗ ನೋಡಬೇಕು ಅಂತ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ನಿದ್ದೆ ಉಳಿಯುತ್ತಿತ್ತು.

ನಮ್ಮೂರು ದಾವಣಗೆರೆ. ಭಾನುವಾರ ಬೆಳಿಗ್ಗೆ ಬೆಣ್ಣೆದೋಸೆ, ಸಂಜೆ ಮಿರ್ಚಿ ಮಂಡಕ್ಕಿ ಇಲ್ಲಿ ಮಾಮೂಲಿ. ದೋಸೆ ತಿಂದು ಮನೆಗೆ ಬಂದು ಒಂದು ಗಂಟೆ ಆಗುವಷ್ಟರಲ್ಲಿ ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಹಿಡಿದುಕೊಳ್ಳುತ್ತಿತ್ತು. ಬಂದು ಬಂದು ಹೋಗುವ ನೋವಲ್ಲ, ಬಂದರೆ ಕೂತೇ ಬಿಡುವ ನೋವು. ಬಲಗಡೆ ಬೆನ್ನಿಗೆ, ಹೆಗಲ ಮೂಳೆಯ ಹತ್ತಿರ ಹರಡುತ್ತಿತ್ತು. ವಾಂತಿ ಬಂದ ಹಾಗಾಗುತ್ತಿತ್ತು. ಎರಡು ಮೂರು ಗಂಟೆ ಕಾಡಿ ತಾನೇ ಹೋಗುತ್ತಿತ್ತು, ಹೋದ ಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಇರುತ್ತಿದ್ದೆ. ಎಲ್ಲರೂ ಹೇಳಿದ್ದು ಒಂದೇ ಮಾತು, ಗ್ಯಾಸ್ಟ್ರಿಕ್ಕು. ಮೆಡಿಕಲ್ ಶಾಪಿನಲ್ಲಿ ಗ್ಯಾಸ್ ಮಾತ್ರೆ ತಂದು ನುಂಗುವುದು, ಸೋಡಾ ಕುಡಿಯುವುದು, ಹೀಗೇ ತಿಂಗಳುಗಳು ಕಳೆದವು.

ಒಂದು ರಾತ್ರಿ ನೋವು ಬೆಳಗಿನ ಜಾವದವರೆಗೂ ಹೋಗಲಿಲ್ಲ. ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಅಲ್ಲಿನ ಡಾಕ್ಟರ್ ಮೊದಲು ಇಸಿಜಿ ತೆಗೆಸಿದರು. ಹೊಟ್ಟೆನೋವು ಅಂತ ಬಂದರೆ ಹೃದಯ ಯಾಕೆ ನೋಡ್ತಾರೆ ಅಂತ ನಮ್ಮನೆಯವರು ಗೊಣಗಿದರು. ಆದರೆ ಅದು ಸರಿ. ಹೊಟ್ಟೆಯ ಮೇಲ್ಭಾಗದ ನೋವು ಕೆಲವೊಮ್ಮೆ ಹೃದಯದ್ದೇ ಆಗಿರುತ್ತದೆ, ಅದರಲ್ಲೂ ನಲವತ್ತು ದಾಟಿದವರಿಗೆ, ಶುಗರ್ ಇರುವವರಿಗೆ. ವಿಡಿಯೊ ನೋಡಿ "ಇದು ಪಿತ್ತಕೋಶವೇ" ಅಂತ ನೀವೇ ತೀರ್ಮಾನ ಮಾಡಿಕೊಂಡು ಮನೆಯಲ್ಲಿ ಕೂರಬೇಡಿ. ಇಸಿಜಿ ಸರಿ ಇತ್ತು. ಆಮೇಲೆ ಡಾಕ್ಟರ್ ಬಲಗಡೆ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಒತ್ತಿ, ಉಸಿರು ಎಳೆದುಕೊಳ್ಳಿ ಅಂದರು. ಅರ್ಧ ಎಳೆಯುವಷ್ಟರಲ್ಲಿ ನೋವಿಗೆ ಉಸಿರು ಅಲ್ಲೇ ನಿಂತಿತು. "ಸ್ಕ್ಯಾನ್ ಮಾಡಿಸಿಬಿಡಮ್ಮ" ಅಂತ ಚೀಟಿ ಬರೆದುಕೊಟ್ಟರು. ಆ ಒತ್ತಿ ನೋಡುವ ಪರೀಕ್ಷೆಗೆ ಮರ್ಫಿ ಸೈನ್ ಅಂತ ಹೆಸರಿದೆ ಅಂತ ಆಮೇಲೆ ವಿಡಿಯೊದಲ್ಲೇ ನೋಡಿದೆ.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಮೊದಲ ತಾಪತ್ರಯ. ಫೋನಿನಲ್ಲಿ ಟೈಮ್ ಕೇಳಿದಾಗ ಹನ್ನೊಂದಕ್ಕೆ ಬನ್ನಿ ಅಂದರೇ ಹೊರತು ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನಲಿಲ್ಲ. ತಿಂಡಿ ತಿಂದು ಹೋದೆ, ಒಂದೂವರೆ ಗಂಟೆ ಕಾದ ಮೇಲೆ ವಾಪಸ್ ಕಳಿಸಿದರು. ಊಟವಾದ ಮೇಲೆ ಪಿತ್ತಕೋಶ ತನ್ನೊಳಗಿನ ರಸವನ್ನು ಹೊರಗೆ ಹಿಂಡಿ ಮುದುಡಿಕೊಂಡಿರುತ್ತದೆ, ಆಗ ಸ್ಕ್ಯಾನಿನಲ್ಲಿ ಒಳಗೇನಿದೆ ಅಂತ ಸರಿಯಾಗಿ ಕಾಣುವುದಿಲ್ಲ. ಆರರಿಂದ ಎಂಟು ಗಂಟೆ ಏನೂ ತಿನ್ನದೆ ಹೋಗಬೇಕು. ಹಾಲು ಹಾಕಿದ ಕಾಫಿಯೂ ಬೇಡ. ಆದಷ್ಟು ಬೆಳಗಿನ ಮೊದಲ ಟೈಮೇ ಕೇಳಿ ತಗೊಳ್ಳಿ.

ರಿಪೋರ್ಟ್ ಬಂತು. ಕೋಲಿಲಿಥಿಯಾಸಿಸ್ ಅಂತ ದಪ್ಪ ಅಕ್ಷರ. ನೋಡಿ ಎದೆ ಝಲ್ ಅಂತು, ಅಷ್ಟು ದೊಡ್ಡ ಹೆಸರಿಗೆ ಅಷ್ಟೇ ದೊಡ್ಡ ಕಾಯಿಲೆ ಇರುತ್ತದೆ ಅನ್ನಿಸಿತು. ಪಿತ್ತಕೋಶದಲ್ಲಿ ಕಲ್ಲಿದೆ ಅಂತ ಅಷ್ಟೇ ಅದರರ್ಥ. ರಿಪೋರ್ಟಿನಲ್ಲಿ ಇನ್ನೆರಡು ಸಾಲು ನೋಡಿಕೊಳ್ಳಿ. ಒಂದು, ಪಿತ್ತಕೋಶದ ಗೋಡೆಯ ದಪ್ಪ. ಸಾಮಾನ್ಯವಾಗಿ 3 ಮಿಲಿಮೀಟರ್ ಒಳಗಿರಬೇಕು, ಜಾಸ್ತಿ ಇದ್ದರೆ ಊತ, ಸೋಂಕು ಇರಬಹುದು. ಇನ್ನೊಂದು ಸಿಬಿಡಿ, ಅಂದರೆ ಮುಖ್ಯ ಪಿತ್ತನಾಳ. ಅದು ಸುಮಾರು 6 ಮಿಲಿಮೀಟರ್ ಒಳಗಿದ್ದರೆ ಸಮಾಧಾನ. ಅಗಲವಾಗಿದ್ದರೆ ಕಲ್ಲು ನಾಳಕ್ಕೆ ಜಾರಿರಬಹುದು ಅಂತ ಎಂಆರ್‌ಸಿಪಿ ಸ್ಕ್ಯಾನ್ ಕೇಳುತ್ತಾರೆ. ನನ್ನದು ಎರಡೂ ಸರಿ ಇತ್ತು, ಆ ಖರ್ಚು ಉಳಿಯಿತು.

ಸ್ಕ್ಯಾನ್ ರಿಪೋರ್ಟ್ ಹಿಡಿದು ಮೊದಲು ಹೋದ ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಕಾದದ್ದು ಇಡೀ ಬೆಳಿಗ್ಗೆ, ಒಳಗೆ ಕೂತದ್ದು ಐದು ನಿಮಿಷ. "ತೆಗೀಬೇಕು, ಸೋಮವಾರ ಅಡ್ಮಿಟ್ ಆಗಿ" ಅಂದರು. ಕಲ್ಲು ಮಾತ್ರ ತೆಗೆಯಲು ಆಗುವುದಿಲ್ವಾ ಸರ್ ಅಂತ ಕೇಳಿದೆ. "ಕಲ್ಲು ಮಾತ್ರ ಅಲ್ಲಮ್ಮ, ಇಡೀ ಗಾಲ್‌ಬ್ಲಾಡರ್" ಅಂದರು, ಬೆಲ್ ಒತ್ತಿದರು, ಮುಂದಿನ ಪೇಷೆಂಟ್ ಒಳಗೆ ಬಂದರು. ದೇಹದ ಒಂದು ಅಂಗವನ್ನೇ ತೆಗೆಯುತ್ತಾರೆ ಅನ್ನುವುದನ್ನು ಬಾಗಿಲು ದಾಟುವಾಗ ಕೇಳಿಸಿಕೊಂಡು ಹೊರಗೆ ಬಂದೆ. ಅವತ್ತು ರಾತ್ರಿಯಿಂದ ವಿಡಿಯೊ ಶುರು.

ಕನ್ನಡದಲ್ಲಿ ಹುಡುಕಿದರೆ ಮೊದಲು ಸಿಗುವುದೆಲ್ಲ ಮನೆಮದ್ದು. ಬಾಳೆದಿಂಡಿನ ರಸ, ಹುರುಳಿಕಟ್ಟು, ನಿಂಬೆಹಣ್ಣು. ಅತ್ತೆಯವರೂ ಅದನ್ನೇ ಹೇಳಿದರು, "ದಿನಾ ಬಾಳೆದಿಂಡು ಕೊಡ್ತೀನಿ, ಕರಗ್ತತಿ ಬಿಡು." ಇಲ್ಲಿ ಒಂದು ಗೊಂದಲ ಇದೆ. ಬಾಳೆದಿಂಡು, ಹುರುಳಿ, ಜಾಸ್ತಿ ನೀರು, ಇದೆಲ್ಲ ಜನ ಹೇಳುವುದು ಮೂತ್ರಪಿಂಡದ ಕಲ್ಲಿಗೆ. ಅಲ್ಲಿ ಮೂತ್ರ ಹರಿಯುತ್ತಿರುತ್ತದೆ, ಸಣ್ಣ ಕಲ್ಲಾದರೆ ನೀರಿನ ಜೊತೆ ಜಾರಿ ಹೋಗಬಹುದು. ಪಿತ್ತಕೋಶಕ್ಕೂ ಮೂತ್ರಕ್ಕೂ ಸಂಬಂಧವೇ ಇಲ್ಲ. ಅದು ಲಿವರ್ ಕೆಳಗೆ ಅಂಟಿಕೊಂಡಿರುವ ಸಣ್ಣ ಚೀಲ. ಲಿವರ್ ತಯಾರಿಸುವ ಪಿತ್ತರಸವನ್ನು ಶೇಖರಿಸಿ ಗಟ್ಟಿ ಮಾಡಿಟ್ಟುಕೊಂಡು, ಜಿಡ್ಡಿನ ಊಟ ಬಂದಾಗ ಕರುಳಿಗೆ ಬಿಡುತ್ತದೆ. ಅಲ್ಲಿನ ಕಲ್ಲು ಹೆಚ್ಚಾಗಿ ಕೊಲೆಸ್ಟ್ರಾಲಿನದು. ನೀರು ಕುಡಿದರೆ ಅದು ಹೋಗುವುದಿಲ್ಲ. ಬೆಣ್ಣೆದೋಸೆಗೂ ನನ್ನ ನೋವಿಗೂ ಇದ್ದ ನಂಟು ಕೂಡ ಆಗಲೇ ಅರ್ಥವಾದದ್ದು. ಚೀಲ ಹಿಂಡುವಾಗ ಕಲ್ಲು ಬಂದು ಬಾಯಿಗೆ ಸಿಕ್ಕಿಕೊಳ್ಳುತ್ತದೆ, ಚೀಲ ಬಿಡದೆ ಹಿಂಡುತ್ತದೆ, ಅದೇ ನೋವು.

ಇನ್ನೊಂದು ಜಾತಿಯ ವಿಡಿಯೊ ಇನ್ನೂ ಅಪಾಯ. ಆಲಿವ್ ಎಣ್ಣೆ, ನಿಂಬೆರಸ, ಎಪ್ಸಮ್ ಸಾಲ್ಟ್ ಕುಡಿದು ಮಲಗಿದರೆ ಬೆಳಿಗ್ಗೆ ಕಲ್ಲೆಲ್ಲ ಹೊರಗೆ ಬರುತ್ತದೆ ಅಂತ. ಮಲದಲ್ಲಿ ಬಿದ್ದ ಹಸಿರು ಉಂಡೆಗಳನ್ನು ತೊಳೆದು ತಟ್ಟೆಯಲ್ಲಿಟ್ಟು ತೋರಿಸುತ್ತಾರೆ! ನೋಡಿದರೆ ನಂಬಲೇಬೇಕು ಅನ್ನಿಸುತ್ತದೆ. ಆ ಉಂಡೆಗಳು ಕಲ್ಲಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ನಿಂಬೆರಸದ ಜೊತೆ ಸೇರಿ ಸಾಬೂನಿನಂಥ ಮುದ್ದೆಯಾಗಿ ಹೊರಗೆ ಬರುವುದು. ಎಪ್ಸಮ್ ಸಾಲ್ಟ್ ಬರೀ ಭೇದಿ ಔಷಧಿ. ಅಷ್ಟೊಂದು ಎಣ್ಣೆ ಒಮ್ಮೆಲೇ ಕುಡಿದರೆ ಚೀಲ ಜೋರಾಗಿ ಹಿಂಡುತ್ತದೆ, ಕಲ್ಲಿದ್ದವರಿಗೆ ನೋವು ಕೆರಳಬಹುದು. ಇದನ್ನು ಮಾತ್ರ ಯಾರೂ ಮಾಡಬೇಡಿ.

ಲೇಸರ್ ಆಪರೇಷನ್ ಅಂತಲೂ ಜಾಹೀರಾತು ವಿಡಿಯೊಗಳು ಬರುತ್ತವೆ. ನೋವಿಲ್ಲ, ಹೊಲಿಗೆಯಿಲ್ಲ, ಅದೇ ದಿನ ಮನೆಗೆ ಅಂತ. ನನಗೆ ಮಾಡಿದ ಆಪರೇಷನ್ನಿನಲ್ಲಿ ಲೇಸರ್ ಇರಲಿಲ್ಲ. ಕ್ಯಾಮೆರಾ, ಉದ್ದನೆಯ ಚಿಮುಟ, ಕರೆಂಟಿನಲ್ಲಿ ಸುಡುವ ಸಣ್ಣ ಕೊಕ್ಕೆ, ಇಷ್ಟೇ. ಯಾರಾದರೂ ಲೇಸರ್ ಅಂದರೆ, ಲೇಸರಿನಿಂದ ಏನು ಮಾಡ್ತೀರಿ ಅಂತ ಕೇಳಿ ನೋಡಿ.

ಒಳ್ಳೆಯ ವಿಡಿಯೊ ಸಿಗುವುದಕ್ಕೆ ಸ್ವಲ್ಪ ದಿನ ಹಿಡಿಯಿತು. ಪಿಯುಸಿಯಲ್ಲಿ ಸೈನ್ಸ್ ಓದುತ್ತಿರುವ ಮಗಳು ಜೊತೆಗೆ ಕೂತಳು. ಅವಳೇ ಹೇಳಿದ್ದು, "ಅಮ್ಮಾ, ಕಾಯಿಲೆ ಹೆಸರು ಹಾಕಿ ಹುಡುಕಬೇಡ, ರಿಪೋರ್ಟಿನಲ್ಲಿರೋ ಪದ ಹಾಕು." ಹಾಗೆ ಹುಡುಕಿದಾಗ ಆಸ್ಪತ್ರೆಗಳು, ಮೆಡಿಕಲ್ ಕಾಲೇಜುಗಳು ರೋಗಿಗಳಿಗೆ ಅಂತಲೇ ಮಾಡಿದ ಬೊಂಬೆ ಚಿತ್ರದ ವಿಡಿಯೊಗಳು ಸಿಕ್ಕವು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಮೆಡ್‌ಲೈನ್‌ಪ್ಲಸ್ ಇದೆ, ಬ್ರಿಟನ್ನಿನ ಎನ್‌ಎಚ್‌ಎಸ್ ಇದೆ. ಇಂಗ್ಲಿಷಿನಲ್ಲಿವೆ, ಆದರೆ ಭಾಷೆ ಸರಳ. ಮಾರುವುದಕ್ಕೆ ಏನೂ ಇಲ್ಲದವರ ಮಾತು ಬೇರೆಯೇ ಇರುತ್ತದೆ ಅನ್ನುವುದು ಕೇಳಿದ ಕೂಡಲೇ ಗೊತ್ತಾಗುತ್ತದೆ. ಕನ್ನಡದಲ್ಲೂ ಸರ್ಜನ್‌ಗಳು ಚೆನ್ನಾಗಿ ವಿವರಿಸಿದ ಕೆಲವು ಇವೆ. ನಾನು ಇಟ್ಟುಕೊಂಡ ಪದ್ಧತಿ ಇಷ್ಟು. ಮಾತಾಡುವವರ ಹೆಸರು, ಡಿಗ್ರಿ ಇರಬೇಕು. ಹೆಸರಿದ್ದರೆ ವೈದ್ಯಕೀಯ ಪರಿಷತ್ತಿನ ನೋಂದಣಿ ಪಟ್ಟಿಯಲ್ಲಿ ಹುಡುಕಬಹುದು, ಆನ್‌ಲೈನಿನಲ್ಲೇ ಇದೆ. ಯಾರಿಗೆ ಆಪರೇಷನ್ ಬೇಡ ಅನ್ನುವುದನ್ನೂ ಅವರು ಹೇಳಬೇಕು. ಯಾಕಂದರೆ ಕಲ್ಲಿದ್ದೂ ಯಾವ ತೊಂದರೆಯೂ ಇಲ್ಲದ ಜನ ಬಹಳ ಇದ್ದಾರೆ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಕಾಣಿಸಿಕೊಳ್ಳುತ್ತದೆ, ಅಂಥವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ಎಲ್ಲರೂ ತೆಗೆಸಲೇಬೇಕು ಅನ್ನುವ ವಿಡಿಯೊವನ್ನು ಅಲ್ಲಿಗೇ ನಿಲ್ಲಿಸಿ.

ಬೊಂಬೆ ಚಿತ್ರ ನೋಡಿ ಧೈರ್ಯ ಬಂದ ಮೇಲೆ ನಿಜವಾದ ಆಪರೇಷನ್ ನೋಡಿದೆವು. ಸರ್ಜನ್‌ಗಳು ಸರ್ಜನ್‌ಗಳಿಗೆ ಪಾಠ ಮಾಡಲು ಹಾಕುವಂಥವು. ಲಾಗಿನ್ ಆಗಿ ವಯಸ್ಸು ಖಚಿತ ಮಾಡಿ ಅಂತ ಕೆಲವು ಕೇಳುತ್ತವೆ. ಮೊದಲ ಸಲ ನಮ್ಮನೆಯವರು ಹೊಕ್ಕುಳಿಗೆ ಚಾಕು ಹಾಕುವುದನ್ನು ನೋಡಿ ಎದ್ದು ಹೋದವರು ಮತ್ತೆ ಆ ಕಡೆ ಸುಳಿಯಲಿಲ್ಲ. ನಾನು ಅಂದುಕೊಂಡಿದ್ದಷ್ಟು ರಕ್ತ ಇರಲಿಲ್ಲ. ಹೊಕ್ಕುಳ ಹತ್ತಿರ ಒಂದು ತೂತು, ಎದೆಮೂಳೆಯ ಕೆಳಗೆ ಒಂದು, ಬಲಗಡೆ ಪಕ್ಕೆಯಲ್ಲಿ ಎರಡು ಸಣ್ಣವು. ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿಸಿ ಜಾಗ ಮಾಡಿಕೊಳ್ಳುತ್ತಾರೆ. ಆ ಗಾಳಿ ಹೊತ್ತಿಕೊಳ್ಳುವುದಿಲ್ಲ, ಉಳಿದದ್ದನ್ನು ದೇಹ ಹೀರಿಕೊಂಡು ಉಸಿರಿನಲ್ಲಿ ಹೊರಗೆ ಹಾಕುತ್ತದೆ. ಕಂದು ಬಣ್ಣದ ಲಿವರ್, ಅದರ ಕೆಳಗೆ ನೀಲಿ ಹಸಿರು ಚೀಲ, ಸುತ್ತ ಹಳದಿ ಕೊಬ್ಬು. ಕೊಕ್ಕೆ ತಾಗಿದಲ್ಲಿ ಸಣ್ಣಗೆ ಹೊಗೆ. ನಿಧಾನವಾಗಿ ಬಿಡಿಸುತ್ತಾ ಬಿಡಿಸುತ್ತಾ ಕೊನೆಗೆ ಚೀಲಕ್ಕೆ ಹೋಗುವ ಎರಡೇ ಎಳೆ ಕಾಣಬೇಕು, ಒಂದು ನಾಳ, ಒಂದು ರಕ್ತನಾಳ. ಅದು ಖಚಿತವಾಗಿ ಕಾಣುವವರೆಗೂ ಏನನ್ನೂ ಕತ್ತರಿಸಬಾರದು. ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ ಅಂತಾರೆ. ಮುಖ್ಯ ಪಿತ್ತನಾಳವನ್ನೇ ಈ ನಾಳ ಅಂದುಕೊಂಡು ಕತ್ತರಿಸಿಬಿಟ್ಟರೆ ಅದು ದೊಡ್ಡ ಅನಾಹುತ. ಅಪರೂಪ, ಸಾವಿರದಲ್ಲಿ ಕೆಲವರಿಗೆ ಆಗುವಂಥದ್ದು, ಆದರೆ ಈ ಆಪರೇಷನ್ನಿನಲ್ಲಿ ಸರ್ಜನ್‌ಗಳು ಜಾಸ್ತಿ ಹೆದರುವುದು ಅದಕ್ಕೇ. ಆಮೇಲೆ ಟೈಟೇನಿಯಂ ಕ್ಲಿಪ್ ಹಾಕಿ, ಕತ್ತರಿಸಿ, ಚೀಲವನ್ನು ಲಿವರಿನಿಂದ ಬಿಡಿಸಿ, ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ತೂತಿನಿಂದ ಎಳೆದುಕೊಳ್ಳುತ್ತಾರೆ.

ಮಗಳು ಇದರ ಇತಿಹಾಸಕ್ಕೂ ಹೋದಳು. ಕ್ಯಾಮೆರಾ ಹಾಕಿ ಪಿತ್ತಕೋಶ ತೆಗೆದದ್ದು ಮೊದಲು ಜರ್ಮನಿಯಲ್ಲಿ, 1985ರಲ್ಲಿ, ಎರಿಖ್ ಮ್ಯೂಹೆ ಅನ್ನುವ ಸರ್ಜನ್. ಭಾರತಕ್ಕೆ ಅದನ್ನು ತಂದವರು ಟೆಹೆಮ್ಟನ್ ಉದ್ವಾಡಿಯಾ, 1990ರಲ್ಲಿ, ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ. 2001ರ ಸೆಪ್ಟೆಂಬರಿನಲ್ಲಂತೂ ನ್ಯೂಯಾರ್ಕಿನಲ್ಲಿ ಕೂತ ಸರ್ಜನ್, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಮಲಗಿದ್ದ ಹೆಂಗಸಿನ ಪಿತ್ತಕೋಶವನ್ನು ರೋಬೋಟ್ ಮೂಲಕ ತೆಗೆದರಂತೆ. ಇದನ್ನೆಲ್ಲ ತಿಳಿದು ನನಗೇನಾಗಬೇಕು ಅಂತ ಅನ್ನಿಸಿತ್ತು. ಆದರೆ ಮೂವತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ನಮ್ಮ ದೇಶದಲ್ಲೇ ಮಾಡುತ್ತಾ ಬಂದಿರುವ ಕೆಲಸ ಇದು ಅಂತ ಗೊತ್ತಾದಾಗ ಹೊಟ್ಟೆಯೊಳಗಿನ ನಡುಕ ಸ್ವಲ್ಪ ಕಡಿಮೆಯಾಯಿತು.

ಒಂದು ಮಾತು. ಎಲ್ಲ ಅರ್ಥವಾದ ಮೇಲೂ ನೋಡುತ್ತಲೇ ಇರಬೇಡಿ. ಒಂದು ನೋಡಿದರೆ ಫೋನು ಅದಕ್ಕಿಂತ ಭಯಾನಕವಾದ ಇನ್ನೊಂದನ್ನು ತಂದಿಡುತ್ತದೆ. ಪಿತ್ತಕೋಶದ ಕ್ಯಾನ್ಸರ್, ನಾಳ ಕತ್ತರಿಸಿದ ಕೇಸು, ಅರಿವಳಿಕೆಯಿಂದ ಏಳದವರು. ಅಡ್ಮಿಟ್ ಆಗುವ ವಾರ ಮಗಳು ನನ್ನ ಫೋನಿನಿಂದ ಆ ಆ್ಯಪನ್ನೇ ತೆಗೆದಿಟ್ಟಳು.

ಇಷ್ಟು ತಿಳಿದುಕೊಂಡು ಇನ್ನೊಬ್ಬ ಸರ್ಜನ್ ಹತ್ತಿರ ಹೋದೆವು. ಚೀಟಿಯಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಯೂಟ್ಯೂಬ್ ನೋಡಿ ಬಂದಿದ್ದೀರಾ ಅಂತ ನಕ್ಕರು, ಆದರೆ ಉತ್ತರ ಕೊಟ್ಟರು, ಪ್ಯಾಡಿನ ಮೇಲೆ ಚಿತ್ರ ಬರೆದೇ ತೋರಿಸಿದರು. ಕಲ್ಲು ಮಾತ್ರ ಯಾಕೆ ತೆಗೆಯುವುದಿಲ್ಲ? ಚೀಲ ಉಳಿದರೆ ಕಲ್ಲು ಮತ್ತೆ ಆಗುತ್ತದೆ, ಕಲ್ಲು ಮಾಡುತ್ತಿರುವುದೇ ಆ ಚೀಲ. ಮಾತ್ರೆಯಲ್ಲಿ ಕರಗಿಸಬಹುದಾ? ಕೆಲವು ಸಣ್ಣ ಕೊಲೆಸ್ಟ್ರಾಲ್ ಕಲ್ಲುಗಳನ್ನು ಮಾತ್ರ, ಅದೂ ತಿಂಗಳುಗಟ್ಟಲೆ ನುಂಗಿ, ನಿಲ್ಲಿಸಿದ ಮೇಲೆ ಬಹಳ ಜನರಿಗೆ ವಾಪಸ್ ಬರುತ್ತದೆ. ನನ್ನದು ಸಣ್ಣ ಕಲ್ಲುಗಳು ತಾನೆ, ಕಾಯಬಹುದಾ? ಇದಕ್ಕೆ ಅವರು ಕೊಟ್ಟ ಉತ್ತರ ನಾನು ಎದುರು ನೋಡಿರಲಿಲ್ಲ. ಸಣ್ಣ ಕಲ್ಲೇ ಸುಲಭವಾಗಿ ನಾಳಕ್ಕೆ ಜಾರುವುದು, ಜಾರಿದರೆ ಕಾಮಾಲೆ, ಇಲ್ಲವೇ ಮೇದೋಜ್ಜೀರಕದ ಊತ, ಅದು ಪ್ರಾಣಕ್ಕೂ ಬರಬಹುದು. ಕಾಯುವ ದಿನಗಳಲ್ಲಿ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ನೋವು ನಿಲ್ಲದಿದ್ದರೆ ರಾತ್ರಿಯಾದರೂ ಸರಿ ನೇರ ಬನ್ನಿ ಅಂದರು.

ಕೊನೆಯ ಪ್ರಶ್ನೆ ಕೇಳುವುದಕ್ಕೆ ಹಿಂಜರಿದೆ. ಆ ಎರಡು ಎಳೆ ಸರಿಯಾಗಿ ಕಾಣದಿದ್ದರೆ ಏನು ಮಾಡ್ತೀರಿ ಸರ್? ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಕಾಣದಿದ್ದರೆ ಕತ್ತರಿಸಲ್ಲಮ್ಮ. ಹೊಟ್ಟೆ ತೆರೆದು ಮಾಡ್ತೀನಿ, ಇಲ್ಲಾಂದ್ರೆ ಚೀಲದ ಸ್ವಲ್ಪ ಭಾಗ ಅಲ್ಲೇ ಬಿಟ್ಟು ಬರ್ತೀನಿ. ಎದ್ದಾಗ ದೊಡ್ಡ ಗಾಯ ಇದ್ದರೆ ನನ್ನನ್ನ ಬೈಬೇಡಿ." ಅಲ್ಲೇ ನಿರ್ಧಾರವಾಯಿತು, ಇವರ ಹತ್ತಿರವೇ ಅಂತ. ವಿಡಿಯೊ ನೋಡಿದ್ದಕ್ಕೆ ನನಗೆ ಸಿಕ್ಕ ನಿಜವಾದ ಲಾಭ ಈ ಒಂದು ಪ್ರಶ್ನೆ.

ಇನ್ನು ಯಾವ ವಿಡಿಯೊದಲ್ಲೂ ಇಲ್ಲದ ಭಾಗ, ವಿಮೆ. ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಪಿತ್ತಕೋಶದ ಕಲ್ಲು, ಹರ್ನಿಯಾ, ಕಣ್ಣಿನ ಪೊರೆ ಇಂಥವಕ್ಕೆ ಸಾಮಾನ್ಯವಾಗಿ ಮೊದಲ ಎರಡು ವರ್ಷ ದುಡ್ಡು ಕೊಡುವುದಿಲ್ಲ. ಕಲ್ಲು ಕಂಡ ಮೇಲೆ ಪಾಲಿಸಿ ಮಾಡಿಸಿದರೆ ಪ್ರಯೋಜನ ಇಲ್ಲ. ನಮ್ಮ ಪಾಲಿಸಿಗೆ ಆ ಅವಧಿ ಮುಗಿದಿತ್ತು. ಆದರೂ ಎರಡು ಕಡೆ ಸಿಕ್ಕಿಕೊಂಡೆವು. ಆಧಾರಿನಲ್ಲಿ ನನ್ನ ಹೆಸರಿನ ಮುಂದೆ ನಮ್ಮನೆಯವರ ಹೆಸರು, ಪಾಲಿಸಿಯಲ್ಲಿ ತಂದೆಯ ಇನಿಷಿಯಲ್. ಅದಕ್ಕೊಂದು ಪತ್ರ, ಮದುವೆ ಸರ್ಟಿಫಿಕೇಟಿನ ಜೆರಾಕ್ಸ್. ಇನ್ನೊಂದು, ಮೊದಲು ಹೋದ ಆಸ್ಪತ್ರೆಯ ಚೀಟಿಯಲ್ಲಿ ಹೊಟ್ಟೆನೋವು ಹಲವು ವರ್ಷದಿಂದ ಅಂತ ಗೀಚಿದ್ದರು. ನಾನು ಹೇಳಿದ್ದು ಕೆಲವು ತಿಂಗಳು. ಹಾಗಾದರೆ ಪಾಲಿಸಿಗೆ ಮುಂಚೆಯೇ ಕಾಯಿಲೆ ಇತ್ತಾ ಅಂತ ವಿಮೆಯವರ ಪ್ರಶ್ನೆ ಬಂತು. ಮತ್ತೆ ಅಲ್ಲಿಗೇ ಹೋಗಿ ತಿದ್ದಿಸಿ ಸೀಲ್ ಹಾಕಿಸಿಕೊಂಡು ಬರಬೇಕಾಯಿತು. ಡಾಕ್ಟರ್ ಬರೆಯುವುದನ್ನು ಹೊರಗೆ ಬರುವ ಮುಂಚೆ ಓದಿ. ಅರ್ಥವಾಗದಿದ್ದರೆ ಓದಿ ಹೇಳಿ ಅಂತ ಕೇಳಿ, ನಾಚಿಕೆ ಬೇಡ.

ವಿಮೆ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐನ 2024ರ ಮೇ ತಿಂಗಳಿನ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಅರ್ಜಿಗೆ, ಅಂದರೆ ಬಿಲ್ಲನ್ನು ವಿಮೆಯವರೇ ನೇರ ಆಸ್ಪತ್ರೆಗೆ ಕಟ್ಟಲಿ ಅಂತ ಕೇಳುವ ಅರ್ಜಿಗೆ, ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ವಿಮೆ ಕಂಪನಿ ಉತ್ತರ ಕೊಡಬೇಕು. ಆದರೆ ಆಸ್ಪತ್ರೆಯ ವಿಮೆ ಕೌಂಟರಿನಿಂದ ಅರ್ಜಿ ಹೊರಡುವುದೇ ಅರ್ಧ ದಿನ ತಡವಾದರೆ ಯಾರನ್ನು ಕೇಳುತ್ತೀರಿ? ಹೋಗಿ ಎದುರಿಗೇ ನಿಂತುಕೊಳ್ಳಿ, ಬೇರೆ ದಾರಿ ಇಲ್ಲ. ರೂಮಿನ ಬಾಡಿಗೆಗೆ ಮಿತಿ ಇದೆಯಾ ಅಂತಲೂ ನೋಡಿಕೊಳ್ಳಿ. ಮಿತಿ ಮೀರಿದ ರೂಮ್ ತಗೊಂಡರೆ ಬಾಡಿಗೆ ಒಂದೇ ಅಲ್ಲ, ಬೇರೆ ಖರ್ಚುಗಳಲ್ಲೂ ಅದೇ ಲೆಕ್ಕದಲ್ಲಿ ಕಡಿತ ಮಾಡುವ ಪಾಲಿಸಿಗಳಿವೆ. ನಮ್ಮ ಬಿಲ್ ಎಪ್ಪತ್ತು ಸಾವಿರದ ಆಸುಪಾಸು ಆಯಿತು. ಗ್ಲೌಸು, ಅದು ಇದು ಅಂತ ವಿಮೆ ಕೊಡದೆ ಬಿಟ್ಟದ್ದನ್ನು ಕೈಯಿಂದ ಕಟ್ಟಿದೆವು. ಬಿಪಿಎಲ್ ಕಾರ್ಡ್ ಇರುವವರು ಮೊದಲು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಲು ಎಷ್ಟೋ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಅಡ್ಮಿಟ್ ಆದ ಮೇಲೆ ಓಡಾಡಿದರೆ ಕಷ್ಟ.

ಆಪರೇಷನ್ನಿಗೆ ಮುಂಚೆ ರಕ್ತ, ಶುಗರ್, ಲಿವರ್, ಕ್ರಿಯಾಟಿನಿನ್, ಎಚ್‌ಐವಿ, ಎದೆಯ ಎಕ್ಸ್‌ರೇ ಎಲ್ಲ ಆಯಿತು. ಅರಿವಳಿಕೆ ಡಾಕ್ಟರ್ ಬೇರೆಯಾಗಿ ನೋಡಿದರು. ಬಾಯಿ ಅಗಲಿಸಿ ನಾಲಿಗೆ ಚಾಚಿ ಅಂದರು, ಅಲ್ಲಾಡುವ ಹಲ್ಲಿದೆಯಾ ಅಂತ ಕೇಳಿದರು, ಗಂಟಲಿಗೆ ಟ್ಯೂಬ್ ಹಾಕಬೇಕಲ್ಲ, ಅದಕ್ಕೆ. ನೀವು ತಗೊಳ್ಳುವ ಮಾತ್ರೆಗಳ ಪಟ್ಟಿ ಇವರಿಗೆ ಕೊಡಲೇಬೇಕು. ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ, ಶುಗರ್ ಮಾತ್ರೆ. ನನ್ನ ಥೈರಾಯ್ಡ್ ಮಾತ್ರೆಯನ್ನು ಅವತ್ತು ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ನುಂಗಿ ಅಂದರು.

ಅವತ್ತು ಬೆಳಿಗ್ಗೆ ನಡೆದ ದೊಡ್ಡ ಗಲಾಟೆ ಕಾಲುಂಗುರದ್ದು. ಲೋಹದ್ದು ಏನೂ ಮೈಮೇಲೆ ಇರಬಾರದು. ಕರೆಂಟಿನ ಕೊಕ್ಕೆ ಬಳಸುವಾಗ ಸುಡುವ ಅಪಾಯ. ಮದುವೆಯಾದಾಗಿನಿಂದ ಹಾಕಿದ್ದ ಉಂಗುರ, ಬೆರಳು ದಪ್ಪಗಾಗಿ ಹೊರಗೇ ಬರಲಿಲ್ಲ. ಸಿಸ್ಟರ್ ಸೋಪು ನೀರು ತಂದು ಎಳೆದು ಎಳೆದು ತೆಗೆದರು. ತಾಳಿ ತೆಗೆಯಬೇಕು ಅಂದಾಗ ಅತ್ತೆಯವರ ಕಣ್ಣಲ್ಲಿ ನೀರು. ಕೊನೆಗೆ ದಾರಕ್ಕೆ ಅರಿಶಿನ ಕೊಂಬು ಕಟ್ಟಿ ನನ್ನ ಕೈಗೆ ಸುತ್ತಿದರು. ದಾರ ಆದರೆ ಇರಲಿ ಬಿಡಿ ಅಂದರು ಸಿಸ್ಟರ್. ಇದನ್ನೆಲ್ಲ ಹಿಂದಿನ ದಿನವೇ ಮನೆಯಲ್ಲಿ ಮಾಡಿಕೊಂಡು ಹೋಗಿ. ಉಗುರಿನ ಬಣ್ಣವನ್ನೂ ಅಳಿಸಿ, ಬೆರಳಿಗೆ ಹಾಕುವ ಆಕ್ಸಿಜನ್ ಕ್ಲಿಪ್ಪಿಗೆ ಅಡ್ಡ ಬರಬಹುದು.

ಮೊದಲನೇ ಕೇಸ್ ನಿಮ್ಮದೇ ಅಂದವರು, ಯಾವುದೋ ಎಮರ್ಜೆನ್ಸಿ ಬಂತು ಅಂತ ಮಧ್ಯಾಹ್ನ ಮಾಡಿದರು. ಹಿಂದಿನ ರಾತ್ರಿಯಿಂದ ಉಪವಾಸ, ತಲೆ ಸಿಡಿಯುತ್ತಿತ್ತು. ಕನ್ಸೆಂಟ್ ಫಾರ್ಮನ್ನು ಕೊನೆಯ ಗಳಿಗೆಯಲ್ಲಿ ತಂದು ಸಹಿ ಮಾಡಿ ಅಂದರು, ಇಂಗ್ಲಿಷಿನಲ್ಲಿತ್ತು. ಕನ್ನಡದ್ದು ಇದೆಯಾ ಅಂತ ಕೇಳಿದೆ, ಇತ್ತು, ಡ್ರಾಯರಿನೊಳಗೆ! ತೆರೆದ ಆಪರೇಷನ್ ಆಗಬಹುದು ಅನ್ನುವ ಸಾಲನ್ನು ಓದಿಯೇ ಸಹಿ ಹಾಕಿದೆ. ಆ ಸಾಲು ನನಗೆ ಹೊಸದಾಗಿರಲಿಲ್ಲ, ಹಾಗಾಗಿ ಕೈ ನಡುಗಲಿಲ್ಲ.

ಒಟಿ ಒಳಗೆ ಚಳಿ. ಇಷ್ಟೇ ನನಗೆ ನೆನಪಿರುವುದು. ಹೊರಗಿದ್ದವರ ಪಾಡು ಬೇರೆ. ಪಾಠದ ವಿಡಿಯೊ ಎಂಟು ನಿಮಿಷದ್ದು, ಕತ್ತರಿಸಿ ಜೋಡಿಸಿದ್ದು. ನಿಜವಾದ ಕೆಲಸವೇ ಒಂದು ಗಂಟೆ ಹಿಡಿಯಬಹುದು, ಅದಕ್ಕೆ ಮುಂಚೆ ಅರಿವಳಿಕೆ ಕೊಡುವ ಹೊತ್ತು, ಆಮೇಲೆ ಎಚ್ಚರ ಮಾಡಿ ರಿಕವರಿಯಲ್ಲಿ ಇಡುವ ಹೊತ್ತು. ಒಳಗೆ ಹೋದ ಮೇಲೆ ಮೂರು ಗಂಟೆಯಾದರೂ ನಾನು ಬರಲಿಲ್ಲ ಅಂತ ನಮ್ಮನೆಯವರು ವಾಚ್‌ಮನ್ ಹತ್ತಿರ ಜಗಳಕ್ಕೆ ಬಿದ್ದಿದ್ದರಂತೆ. ಮನೆಯವರಿಗೆ ಮೊದಲೇ ಹೇಳಿಡಿ. ನಡುವೆ ಅವರನ್ನು ಕರೆದು ಟ್ರೇಯಲ್ಲಿ ಚೀಲ ಕತ್ತರಿಸಿ ತೋರಿಸಿದರು. ಮೆಣಸಿನ ಕಾಳಿನ ಹಾಗಿದ್ದ ಕಲ್ಲುಗಳು, ತುಂಬಾ ಇದ್ದವು. ಹೊಕ್ಕುಳಿಗೆ ಚಾಕು ಹಾಕುವುದನ್ನು ನೋಡಲಾಗದವರು ಅದನ್ನು ಹೇಗೆ ನೋಡಿದರೋ, ಫೋಟೊ ಬೇರೆ ತೆಗೆದುಕೊಂಡಿದ್ದಾರೆ.

ಎಚ್ಚರವಾದಾಗ ಹೊಟ್ಟೆಗಿಂತ ಜಾಸ್ತಿ ನೋಯುತ್ತಿದ್ದದ್ದು ಬಲ ಹೆಗಲು. ಆಪರೇಷನ್ ಹೊಟ್ಟೆಗೆ, ನೋವು ಹೆಗಲಿಗೆ. ಮಲಗಿಸುವಾಗ ಕೈ ತಿರುಚಿದರೇನೋ ಅಂತ ಪಕ್ಕದ ಬೆಡ್ಡಿನ ಅಮ್ಮ ಅಂದರು. ಹೊಟ್ಟೆಗೆ ತುಂಬಿದ ಗಾಳಿಯಲ್ಲಿ ಸ್ವಲ್ಪ ಉಳಿದುಕೊಂಡು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಪರದೆಯನ್ನು ಕೆಣಕುತ್ತದೆ, ವಪೆಯ ನರ ಮತ್ತು ಹೆಗಲಿನ ನರ ಕತ್ತಿನ ಒಂದೇ ಕಡೆಯಿಂದ ಹೊರಡುವುದರಿಂದ ನೋವು ಹೆಗಲಲ್ಲಿ ಗೊತ್ತಾಗುತ್ತದೆ. ಇದನ್ನೂ ವಿಡಿಯೊದಲ್ಲಿ ನೋಡಿದ್ದೆ, ಹಾಗಾಗಿ ಗಾಬರಿಯಾಗಲಿಲ್ಲ. ಎದ್ದು ಓಡಾಡಿದಷ್ಟೂ ಬೇಗ ಹೋಗುತ್ತದೆ. ಅವತ್ತು ರಾತ್ರಿಯೇ ಹಿಡಿದುಕೊಂಡು ನಡೆಸಿದರು. ಟ್ಯೂಬ್ ಹಾಕಿದ್ದಕ್ಕೆ ಗಂಟಲು ಕೆರೆತ, ಅದೂ ಎರಡು ದಿನದಲ್ಲಿ ಹೋಯಿತು. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿದುಕೊಳ್ಳಿ, ಇದನ್ನು ನನಗೆ ಹೇಳಿಕೊಟ್ಟದ್ದು ಆಯಾ.

ಮನೆಗೆ ಬಂದ ಮೇಲೆ ಎಲ್ಲರ ಪ್ರಶ್ನೆ ಒಂದೇ, ಪಿತ್ತಕೋಶ ಇಲ್ಲದೆ ಜೀರ್ಣ ಹೇಗೆ? ಜೀವನಪೂರ್ತಿ ಪಥ್ಯ ಅಂತ ಹೇಳುವ ವಿಡಿಯೊಗಳೂ ಬೇಕಾದಷ್ಟಿವೆ. ಪಿತ್ತರಸ ಮಾಡುವುದು ಲಿವರ್, ಅದು ಇದ್ದೇ ಇದೆ. ಮೊದಲು ಚೀಲದಲ್ಲಿ ಕೂತು ಬರುತ್ತಿದ್ದದ್ದು ಈಗ ನೇರವಾಗಿ ತೊಟ್ಟು ತೊಟ್ಟಾಗಿ ಕರುಳಿಗೆ ಹೋಗುತ್ತದೆ. ಒಮ್ಮೆಲೇ ಜಾಸ್ತಿ ಜಿಡ್ಡು ತಿಂದರೆ ಕೆಲವರಿಗೆ ಭೇದಿಯಾಗುತ್ತದೆ, ನನಗೂ ಮೊದಲ ವಾರಗಳಲ್ಲಿ ಆಯಿತು. ರಾಗಿ ಗಂಜಿ, ಇಡ್ಲಿ, ಅನ್ನ ತಿಳಿಸಾರು ಅಂತ ಶುರು ಮಾಡಿ ಈಗ ಮಾಮೂಲಿ ಊಟ ಮಾಡುತ್ತಿದ್ದೇನೆ. ಭಾರ ಎತ್ತುವುದು ಮಾತ್ರ ಡಾಕ್ಟರ್ ಹೇಳುವವರೆಗೂ ಬೇಡ, ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸಿದರೆ ಹೊಕ್ಕುಳ ಹತ್ತಿರ ಹರ್ನಿಯಾ ಆಗಬಹುದು.

ಕೊನೆಯದು, ಬಯಾಪ್ಸಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಆ ಪದ ನೋಡಿ ಮನೆಯವರೆಲ್ಲ ನನ್ನ ಹತ್ತಿರ ಪಿಸುಮಾತಿನಲ್ಲಿ ಮಾತಾಡಲು ಶುರು ಮಾಡಿದರು. ತೆಗೆದ ಪಿತ್ತಕೋಶವನ್ನು ಪರೀಕ್ಷೆಗೆ ಕಳಿಸುವುದು ವಾಡಿಕೆ. ಅಪರೂಪಕ್ಕೆ ಅದರಲ್ಲಿ ಕ್ಯಾನ್ಸರ್ ಅಡಗಿರುತ್ತದೆ, ಅದನ್ನು ಖಚಿತ ಮಾಡಿಕೊಳ್ಳುವುದಕ್ಕೆ. ಅನುಮಾನ ಇದೆ ಅಂತ ಅಲ್ಲ. ಇದನ್ನು ಒಂದು ಮಾತಿನಲ್ಲಿ ಹೇಳುವುದಕ್ಕೆ ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಒಂದು ವಾರದ ಮೇಲೆ ರಿಪೋರ್ಟ್ ಬಂತು, ಹಳೆಯ ಊತ ಮತ್ತು ಕಲ್ಲು ಅಷ್ಟೇ. ರಿಪೋರ್ಟ್ ತಾನಾಗಿ ಮನೆಗೆ ಬರುವುದಿಲ್ಲ, ನೀವೇ ಹೋಗಿ ಕೇಳಿ ತರಬೇಕು, ತಂದು ಸರ್ಜನ್‌ಗೆ ತೋರಿಸಲೇಬೇಕು. ಅದರ ಬಿಲ್ಲು ಡಿಸ್ಚಾರ್ಜ್ ಆದ ಮೇಲೆ ಬೇರೆಯಾಗಿ ಬರಬಹುದು. ಆಸ್ಪತ್ರೆಗೆ ಸೇರುವ ಮುಂಚಿನ ಸ್ಕ್ಯಾನ್, ರಕ್ತ ಪರೀಕ್ಷೆ, ಆಮೇಲಿನ ಔಷಧಿ ಮತ್ತು ಈ ಬಯಾಪ್ಸಿ, ಇವುಗಳ ಬಿಲ್ಲನ್ನು ವಿಮೆಯಲ್ಲಿ ಆಮೇಲೆ ಹಾಕಿ ಕೇಳಬಹುದು, ಎಷ್ಟು ದಿನದ್ದು ಅಂತ ಪಾಲಿಸಿಯಲ್ಲೇ ಬರೆದಿರುತ್ತದೆ. ಮೂಲ ಬಿಲ್ಲುಗಳನ್ನೇ ಕೇಳುತ್ತಾರೆ. ಕಳಿಸುವ ಮುಂಚೆ ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ. ನಾನು ನಿನ್ನೆ ಕಳಿಸಿದ್ದೇನೆ, ದುಡ್ಡು ಇನ್ನೂ ಬಂದಿಲ್ಲ.